ಎಂಟು ಹೂವಿನ ಗೊಂಚಲು

ಪೊಯ್‌ಸಿಯನ್ ಗಿಡ ಒಂದೇ ಗೊಂಚಲಲ್ಲಿ ಎಂಟು ಹೂ ಬಿಟ್ಟರೆ ಅದೃಷ್ಟ ತರುವ ಎಂಟು ಮಂದಿ ಅಮರ ಸಿದ್ಧರೇ ಮನೆಗೆ ಬಂದಂತೆ. ಅಷ್ಟಾಗುವ ತನಕ ನಮ್ಮ ಪಾಕ್‌ನಾಮ್ ಪೋ ಊರಿನಲ್ಲಿ ಯಾರೂ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ನಾನಂತೂ ಇಲ್ಲವೇ ಇಲ್ಲ. ರೈಲು ನಿಲ್ದಾಣದ ಎದುರು ನೂಡಲ್ಸ್ ಅಂಗಡಿ ತೆರೆಯಬೇಕೆಂದು ಮದುವೆಯಾದಾಗಿನಿಂದ ನನಗೆ ಆಸೆ. ಅಲ್ಲಿನ ಖಾಲಿ ಮಳಿಗೆಯ ಯಜಮಾನ ಉಡೊಮ್ ಬೇರೆ, ಬರುವ ತಿಂಗಳ ಮೊದಲ ಸೋಮವಾರದೊಳಗೆ ಹೇಳದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇನೆ ಎಂದುಬಿಟ್ಟಿದ್ದ. ನನ್ನ ಗಿಡಕ್ಕೋ ಮೈತುಂಬ ಮುಳ್ಳು, ಹೂ ಮಾತ್ರ ನಾಲ್ಕರ ಮೇಲೆ ಹೋಗುತ್ತಿರಲಿಲ್ಲ.

ಅವಸರಕ್ಕೆ ಬಿದ್ದು ಎರಡು ಹೊತ್ತೂ ನೀರು ಹೊಯ್ದೆ. ಎಲೆಗಳು ಹಳದಿಯಾಗಿ ಉದುರತೊಡಗಿದವು.

“ಏನೇ ಲಮ್ಯಾಯ್, ಇದನ್ನೇನು ಭತ್ತದ ಗದ್ದೆ ಅನ್ಕೊಂಡ್ಯಾ?” ಅತ್ತೆ ಕಿಮ್ ಲಾನ್ ಕುಂಡ ಕಿತ್ತುಕೊಂಡರು. “ಬಿಸಿಲಲ್ಲಿ ಬದುಕೋ ಗಿಡ ಕಣೇ. ನೀರು ಕುಡಿಸಿ ಕುಡಿಸಿ ಕೊಲ್ತೀಯ!”

ನನಗೆ ಮೈಯೆಲ್ಲ ಉರಿಯಿತು. ನನ್ನ ಸಾರು ಬರೀ ಉಪ್ಪು ಅನ್ನುತ್ತಲೇ ಎರಡು ಬಟ್ಟಲು ಕುಡಿಯುವ ಬಾಯಿ ಅದು. ಅತ್ತೆ ಕುಂಡವನ್ನು ಬಿಸಿಲಿಗೆ ಸುಡುವ ಗೋಡೆಯ ಮೇಲಿಟ್ಟು, ಮಣ್ಣು ಪೂರ್ತಿ ಒಣಗುವವರೆಗೆ ತೊಟ್ಟು ನೀರು ಮುಟ್ಟಿಸಲಿಲ್ಲ. ಆದರೆ ಗಿಡ ಚೇತರಿಸಿಕೊಂಡು ಕೆಂಪು ಮೊಗ್ಗು ಬಿಟ್ಟಿತು. ಗಡುವಿನ ಮುನ್ನಾದಿನ, ಭಾನುವಾರ ಸಂಜೆ ಅರಳಿದ್ದು ಎಣಿಸಿದರೆ ಆರೇ ಆರು.

“ಹೋಯ್ತು ಬಿಡಿ ಅತ್ತೆ. ಅಂಗಡಿ ನನ್ನ ಹಣೇಲಿ ಬರ್ದಿಲ್ಲ,” ಅಂದೆ. ಅಳು ಬಂತು.

ಬೆಳಗ್ಗೆ ಎದ್ದು ನೋಡಿದರೆ ಗೊಂಚಲಲ್ಲಿ ಎಂಟು! ಅಯ್ಯೋ ದೇವರೇ ಎಂದು ಕೂಗುತ್ತ ಓಡಿಹೋಗಿ ಮುಟ್ಟಿದೆ. ಒಂದು ಹೂ ಕೈಗೇ ಬಂತು. ಅದರ ತೊಟ್ಟಿಗೆ ಅಂಟಕ್ಕಿಯ ಅನ್ನದ ಅಗುಳು ಮೆತ್ತಿತ್ತು. ಪಕ್ಕದ ಇನ್ನೊಂದು ಹೂವೂ ಅನ್ನದ ಅಂಟಿನಲ್ಲೇ ನಿಂತಿತ್ತು.

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೆರಳ ತುಂಬ ಮುಳ್ಳು ಗೀರಿದ ಗಾಯ.

“ಹಾಗ್ಯಾಕೆ ನೋಡ್ತೀಯೇ? ಆರು ಜನ ತಾವಾಗೇ ಬಂದ್ರು. ಇನ್ನಿಬ್ರು ಪಕ್ಕದ ಮನೆ ಗಿಡದಲ್ಲಿ ಕೂತು ಹರಟೆ ಹೊಡೀತಿದ್ರು. ನಾನೇ ಹೋಗಿ ಎಳ್ಕೊಂಡು ಬಂದೆ.”

“ಅತ್ತೇ, ಹೀಗೆ ಅಂಟಿಸಿದ್ರೆ ಲೆಕ್ಕಕ್ಕೆ ಬರುತ್ತಾ?”

“ನಂಗೇನ್ ಗೊತ್ತು? ನೀನು ಅಳೋದು ನೋಡೋಕಾಗ್ಲಿಲ್ಲ, ಅಷ್ಟೆ.”

ನನ್ನ ಅಂಗಡಿ ಈ ಹೆಂಗಸಿಗೂ ಬೇಕಾಗಿತ್ತು! ಇಷ್ಟು ದಿನ ನನಗದು ತಿಳಿದೇ ಇರಲಿಲ್ಲ. ಕೈಲಿದ್ದ ಹೂವನ್ನು ಅತ್ತೆಯ ತುರುಬಿಗೆ ಸಿಕ್ಕಿಸಿ, ಮಳಿಗೆ ನನಗೇ ಇರಲಿ ಎಂದು ಹೇಳಲು ಉಡೊಮ್‌ನ ಮನೆಗೆ ಹೊರಟೆ.