ಕ್ಯಾಂಪಿನ ಅಂಗಡಿಯ ಖಾಕಿ ಚೀಲ

ನಾನು ಒಂದು ಬೆನ್ನುಚೀಲ. ದಪ್ಪ ಖಾಕಿ ಕ್ಯಾನ್ವಾಸಿನದು. ಹುಟ್ಟಿದ್ದು ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ, ಈರಪ್ಪ ಮುಚ್ಚಂಡಿಯವರ ತಾಡಪತ್ರಿ ಅಂಗಡಿಯಲ್ಲಿ. ಬಟ್ಟೆ ಕತ್ತರಿಸಿದವರು ಈರಪ್ಪ. ಹೊಲಿದವರು ಅವರ ಹೆಂಡತಿ ಗೌರವ್ವ. ಅವರ ಒಬ್ಬಳೇ ಮಗಳು ಸುನಂದಾ ಕಾಲೇಜಿನಿಂದ ಹಿಮಾಲಯದ ಪರ್ವತಾರೋಹಣ ತರಬೇತಿಗೆ ಆಯ್ಕೆಯಾಗಿದ್ದಳು. ಅವಳಿಗಾಗಿಯೇ ನಾನು.

"ಅವ್ವಾ, ಪಟ್ಟಿ ಅಗಲ ಇರ್ಲಿ. ಇಲ್ಲಾಂದ್ರ ಭುಜಾ ಕೊರೀತಾವು."

"ಸುಮ್ನ ನಿಂದ್ರ. ಅಳತಿ ತಗೋತೀನಿ," ಎಂದರು ಗೌರವ್ವ.

ಆಗ ಬೆಟ್ಟ ಹತ್ತುವವರಿಗೆಂದೇ ಅಂಗಡಿಗಳಿರಲಿಲ್ಲ. ಲಾರಿಗೆ ಹೊದಿಸುವ ತಾಡಪತ್ರಿ, ಹಾಸಿಗೆ ಸುತ್ತುವ ಹೋಲ್ಡಾಲು, ಸೊಳ್ಳೆ ಪರದೆ, ಮಿಲಿಟರಿ ಹರಾಜಿನಲ್ಲಿ ಬಂದ ಬೂಟುಗಳು, ಇವುಗಳ ನಡುವೆಯೇ ಡೇರೆಯೂ ಚೀಲವೂ ಸಿಗುತ್ತಿದ್ದವು. ಸ್ಕೌಟ್ ಮಾಸ್ತರರು, ಅರಣ್ಯ ಇಲಾಖೆಯವರು, ರಸ್ತೆ ಗುತ್ತಿಗೆದಾರರು ಬರುತ್ತಿದ್ದರು. ಈರಪ್ಪ ಚೀಲವನ್ನು ತಾವೇ ಗಿರಾಕಿಯ ಬೆನ್ನಿಗೇರಿಸಿ, ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡುತ್ತಿದ್ದರು. ಸರಿಯೆನಿಸದಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು.

ಸುನಂದಾಳ ಬೆನ್ನ ಮೇಲೆ ರೈಲು ಹತ್ತಿದೆ, ಹಿಮ ಕಂಡೆ. ಒಂದು ಬೆಳಿಗ್ಗೆ ಅವಳು ನನ್ನನ್ನು ಡೇರೆಯಲ್ಲಿಟ್ಟು, ಹಗ್ಗ ಮಾತ್ರ ತೆಗೆದುಕೊಂಡು ಜೊತೆಯವರೊಂದಿಗೆ ಮೇಲಕ್ಕೆ ಹೋದಳು. ಮೇಲೆ ಹಿಮ ಕುಸಿಯಿತು. ಸಂಜೆ ಬೇರೆ ಯಾರೋ ಬಂದು ನನ್ನನ್ನು ಎತ್ತಿಕೊಂಡರು.

ನಾನು ಊರು ಸೇರುವಷ್ಟರಲ್ಲಿ ಸುನಂದಾಳನ್ನು ಮಣ್ಣು ಮಾಡಿ ಮುಗಿದಿತ್ತು. ಗೌರವ್ವ ನನ್ನನ್ನು ನೋಡಿ, "ಅದು ಮನ್ಯಾಗ ಬ್ಯಾಡ," ಎಂದರು. ಈರಪ್ಪ ನನ್ನನ್ನು ಅಂಗಡಿಗೆ ತಂದು ಗಲ್ಲಾದ ಹಿಂದಿನ ಮೊಳೆಗೆ ತೂಗುಹಾಕಿ, ಮೊದಲ ಗಿರಾಕಿಗೆ ತಾಡಪತ್ರಿ ಅಳೆದುಕೊಟ್ಟರು. ಗೌರವ್ವ ಮತ್ತೆ ಅಂಗಡಿಗೆ ಬರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಗೋಣಿ ಬಿತ್ತು.

ಮುಂದಿನದ್ದನ್ನೆಲ್ಲ ಆ ಮೊಳೆಯಿಂದಲೇ ನೋಡಿದೆ. ಮುಂಬೈಯಿಂದ ನೈಲಾನ್ ಚೀಲಗಳು ಗಂಟುಗಟ್ಟಲೆ ಬಂದವು, ಹಗುರ, ಬಣ್ಣಬಣ್ಣ. ಕ್ಯಾನ್ವಾಸ್ ಕೇಳುವವರು ಕಡಿಮೆಯಾದರು. ಆಮೇಲೆ ಜನ ಕೊಳ್ಳುವುದನ್ನೂ ಬಿಟ್ಟರು. ಶನಿವಾರ ಡೇರೆ ಬಾಡಿಗೆಗೆ ಒಯ್ದು ಸೋಮವಾರ ಹೊಗೆ ವಾಸನೆಯೊಂದಿಗೆ ತಂದು ಎಸೆದು ಹೋಗುತ್ತಿದ್ದರು. ಕಡೆಕಡೆಗೆ ಬೂಟು ತೊಟ್ಟು ನೋಡಿ, ಫೋನಿನಲ್ಲಿ ಅದನ್ನೇ ಹುಡುಕಿ, ಬಿಚ್ಚಿಟ್ಟು ನಡೆದರು. ಈರಪ್ಪ ಸಿಟ್ಟಾಗಲಿಲ್ಲ. ಗಿರಾಕಿಯ ಬೆನ್ನಿನ ಕಡೆ ನೋಡುವುದನ್ನು ಅವರು ಎಂದೋ ಬಿಟ್ಟಿದ್ದರು. ಕೇಳಿದ್ದನ್ನು ಕೊಡುತ್ತಿದ್ದರು, ಅಷ್ಟೇ. ನನಗೂ ಏನೂ ಅನಿಸುತ್ತಿರಲಿಲ್ಲ. ಧೂಳು ಕೂರುತ್ತಿತ್ತು.

ಹೆದ್ದಾರಿಯ ಪಕ್ಕ ಆಟ, ಚಾರಣದ ಸಾಮಾನಿನ ದೊಡ್ಡ ಮಳಿಗೆಯೊಂದು ಬಂತು. ಅದರ ಮ್ಯಾನೇಜರ್ ರೇಷ್ಮಾ ನದಾಫ್ ಎಂಬ ತರುಣಿ ಒಂದು ದಿನ ಅಂಗಡಿಗೆ ಬಂದಳು.

"ಕಾಕಾ, ಹಳೇ ಸಾಮಾನು ಏನರ ಅದಾವೇನ್ರಿ? ನಮ್ಮಲ್ಲಿ ತೋರ್ಸಾಕ ಒಂದು ಮೂಲಿ ಮಾಡಾಕತ್ತೀವಿ." ಅವಳ ಕಣ್ಣು ನನ್ನ ಮೇಲೆ ಬಿತ್ತು. "ಇದು ಯಾರದ್ರಿ?"

"ಮಗಳದು."

"ಅವ್ರನ್ನ ಒಂದ್ಮಾತು ಕೇಳ್ರಲ್ಲ."

"ಕೇಳೂದೇನು ಬ್ಯಾಡ," ಎಂದರು ಈರಪ್ಪ. "ತಗೊಂಡು ಹೋಗವಾ."

ಹೊಸ ಮಳಿಗೆಯಲ್ಲಿ ಟೈಲ್ಸಿನ ಮೇಲೆ ಡೇರೆಗಳು ನಿಂತಿದ್ದವು. ಹತ್ತುವುದನ್ನು ಕಲಿಯಲು ಪ್ಲಾಸ್ಟಿಕ್ ಬಂಡೆಯಿತ್ತು, ಕೆಳಗೆ ಮೆತ್ತನೆಯ ಹಾಸು. ನನ್ನನ್ನು ಗೊಂಬೆಯೊಂದರ ಬೆನ್ನಿಗೆ ಹಾಕಿ ಮೇಲೆ ದೀಪದ ಬೆಳಕು ಬಿಟ್ಟರು. ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಬೇಕಾದ್ದನ್ನು ತಾವೇ ಆರಿಸಿಕೊಂಡು ಹೋಗುತ್ತಿದ್ದರು. ಮಳೆಯಿಲ್ಲ, ಧೂಳಿಲ್ಲ. ಹಳೆಯ ಮೊಳೆ ನನಗೆ ನೆನಪಾಗಲಿಲ್ಲ.

ಅತ್ತ ಈರಪ್ಪ ಅಂಗಡಿ ಮುಚ್ಚಿದರು. ಇತ್ತ ನಾನಿದ್ದ ಮೂಲೆ ಸೈಕಲ್ಲುಗಳಿಗೆ ಬೇಕಾಯಿತು. ರೇಷ್ಮಾ ಫೋನು ಮಾಡಿದಳು. ಅವರು ಬಸ್ಸಿನಲ್ಲಿ ಬಂದರು. ಅಷ್ಟರಲ್ಲಿ ಕ್ಯಾಂಪಿನವರು ಯಾರೋ ಅವಳಿಗೆ ಸುನಂದಾಳ ವಿಷಯ ಹೇಳಿಬಿಟ್ಟಿದ್ದರು.

"ಕಾಕಾ, ನನಗ ಗೊತ್ತಿರ್ಲಿಲ್ರಿ. ನಾ ಅವತ್ತ ಹಂಗ ಕೇಳಬಾರದಿತ್ತು."

"ಇರ್ಲಿ ಬಿಡವಾ. ಹೇಳದಾಂವ ನಾನು."

ನನ್ನನ್ನು ತೂಗುಹಾಕಲು ಈಗ ಅಂಗಡಿ ಇರಲಿಲ್ಲ. ಈರಪ್ಪ ಮನೆಯ ಹೊಸ್ತಿಲಾಚೆ ನಿಂತುಬಿಟ್ಟರು. ಗೌರವ್ವ ಹೊರಗೆ ಬಂದು ನೋಡಿದರು.

"ಬಿಸಲಾಗ ಯಾಕ ನಿಂತೀರಿ? ಒಳಗ ತಗೊಂಡು ಬರ್ರಿ."

ಗೌರವ್ವ ನನ್ನನ್ನು ಒಗೆಯುವ ಕಲ್ಲಿನ ಮೇಲಿಟ್ಟು ಸಬಕಾರ ಹಚ್ಚಿ ಉಜ್ಜಿದರು. ಕಪ್ಪು ನೀರು ಹರಿಯಿತು. ಅಳಲಿಲ್ಲ. ಹೊಲಿಗೆಗಳ ಮೇಲೆ ಬೆರಳು ಒಯ್ದು, ಬಿಟ್ಟಿದ್ದ ಒಂದನ್ನು ಕೈಸೂಜಿಯಿಂದ ಹಾಕಿದರು.

ಈಗ ನಾನು ಸಂತೆಚೀಲ. ಬಣ್ಣ ಮಾಸಿದೆ, ಬಕಲ್ಲು ತುಕ್ಕು ಹಿಡಿದಿದೆ. ದೊಡ್ಡ ಬೆಟ್ಟಕ್ಕೆಂದು ಹುಟ್ಟಿದ್ದೆ, ಉಳ್ಳಾಗಡ್ಡಿ ಹೊರುತ್ತೇನೆ. ಚೀಲಕ್ಕೆ ಒಳಗೆ ಏನಾದರೂ ಇದ್ದರೆ ಸಾಕು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಮೊದಲ ಸಲ ಸಂತೆಗೆ ಹೋದ ದಿನ ಗೌರವ್ವ ಮೆಂತ್ಯದ ಸೂಡು ಎತ್ತಿಕೊಂಡರು. ಪಕ್ಕದಲ್ಲಿದ್ದ ಈರಪ್ಪ ಸೊಪ್ಪನ್ನೇ ನೋಡುತ್ತ, "ಸುನಂದಾಗ ಮೆಂತ್ಯ ಪಲ್ಲೆ ಸೇರ್ತಿರ್ಲಿಲ್ಲ," ಎಂದರು. ನಾನು ಹಿಮದಿಂದ ಮರಳಿದ ಮೇಲೆ ಅವರ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು.

ಗೌರವ್ವ ಕೈಯಲ್ಲಿದ್ದ ಸೂಡನ್ನು ಹಾಗೇ ಹಿಡಿದು ನಿಂತರು.

"ಸೇರ್ತಿತ್ತು," ಎಂದರು. "ನೀವು ಮಾಡಿದ್ದು ಸೇರ್ತಿರ್ಲಿಲ್ಲ."

ಈರಪ್ಪ ಮುಖ ಬೇರೆ ಕಡೆ ತಿರುಗಿಸಿದರು. ಗೌರವ್ವ ಇನ್ನೊಂದು ಸೂಡು ಆರಿಸಿ ಎರಡನ್ನೂ ನನ್ನೊಳಗೆ ಹಾಕಿದರು.