ಮೂರನೇ ತೊಟ್ಟಿಯ ಟೋಪಿ

ಪಟ್ಟೆಂದು ಹಾರಿತು ರಬ್ಬರ್ ಬ್ಯಾಂಡ್, ಪ್ರಶಸ್ತಿಪತ್ರದ ಸುರುಳಿ ಬಿಚ್ಚುತ್ತಿದ್ದ ನಿರೂಪಕಿಯ ಬೆರಳಿನಿಂದ ಜಾರಿ ನನ್ನ ಬೂಟಿನ ಮೇಲೆ ಬಿತ್ತು, ಹಳದಿ, ಸದ್ಯ ಹಳದಿ, ಕೆಂಪಲ್ಲ, ಆದರೂ ಎಡಗೈ ಮಣಿಕಟ್ಟು ಚುರ್ರೆಂದಿತು, ಅಂಗಿಯ ತೋಳು ಕೆಳಕ್ಕೆಳೆದುಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಟ್ರೇ, ಟ್ರೇ ಮೇಲೆ ಕಂಪನಿಗೆ ಬಂದ ಪ್ರಶಸ್ತಿ, ಗಾಜಿನ ಎಲೆ, ನೋಡುವುದಕ್ಕೆ ಎಲೆ, ತೂಕದಲ್ಲಿ ಕಲ್ಲು, ತುದಿ ಚೂಪು — ಅಲ್ಲಾಡಿಸ್ಬೇಡ, ಅದು ಬಿದ್ರೆ ನಿನ್ನ ಚರ್ಮ ಸುಲೀತೀನಿ, ಎನ್ನುತ್ತಾನೆ ಹಸಿರಪ್ಪ, ತುಟಿ ಅಲ್ಲಾಡಿಸದೆ, ಮುಖದ ನಗು ಕೆಡಿಸದೆ, ಫೋಟೊಗೆ ನಗುತ್ತಲೇ ಬೈಯುವ ವಿದ್ಯೆ ಅವನಿಗೆ ಚೆನ್ನಾಗಿ ಕರಗತವಾಗಿದೆ. ಹಸಿರಪ್ಪ ಅವನ ಹೆಸರಲ್ಲ, ಸಾಮಾಜಿಕ ಮತ್ತು ಪರಿಸರ ಜವಾಬ್ದಾರಿ ವಿಭಾಗದ ಮುಖ್ಯಸ್ಥ ಎಂದು ಅವನ ಬಾಗಿಲ ಮೇಲಿದೆ, ಅಷ್ಟುದ್ದ ಯಾರು ಹೇಳುತ್ತಾರೆ, ಹಸಿರು ಟೈ, ಹಸಿರು ಪೆನ್ನು, ಯಾರೇ ದೊಡ್ಡವರು ಕಾರ್ಖಾನೆಗೆ ಬಂದರೂ ಅವರ ಕೈಯಿಂದ ಒಂದು ಗಿಡ ನೆಡಿಸುತ್ತಾನೆ, ಗೇಟಿನ ಪಕ್ಕ, ಯಾವಾಗಲೂ ಅದೇ ಗುಂಡಿ, ಹಿಂದಿನವರು ನೆಟ್ಟದ್ದನ್ನು ಮುನ್ನಾದಿನವೇ ಕೀಳಿಸಿರುತ್ತಾನೆ, ಆ ಗುಂಡಿಗೆ ಎಷ್ಟು ಬಾಣಂತನ ಆಯ್ತು, ಒಂದು ಮಗೂನೂ ಉಳೀಲಿಲ್ಲ ನೋಡು, ಎನ್ನುತ್ತಿದ್ದ ಭಾವ, ಹೇಳಿ ನಮಗಿಂತ ಮೊದಲು ತಾನೇ ನಗುತ್ತಿದ್ದ ಭಾವ, ಅಕ್ಕನ ಗಂಡ, ಸತ್ತು ನಾಲ್ಕು ತಿಂಗಳಾಯಿತು. ಅಕ್ಕ ಅಗೋ ಮುಂದಿನ ಸಾಲಿನಲ್ಲಿ, ಕಂಪನಿ ಕೊಟ್ಟ ಹಸಿರು ಕೋಟಿನಲ್ಲಿ, ಎದೆಯ ಮೇಲೆ ಪುಟ್ಟ ಎಲೆಯ ಗುರುತು, ಹಣೆಯ ಮೇಲೆ ಕಲ್ಲೇಟಿನ ಗುರುತು, ಕೈಯಲ್ಲಿ ಮಡಚಿದ ಕಾಗದ, ಕಾಗದದಲ್ಲಿರುವುದು ನನ್ನ ಅಕ್ಷರ. ಇನ್ನು ಹತ್ತು ನಿಮಿಷಕ್ಕೆ ಅವಳು ಮೇಲೆ ಬಂದು ಅದನ್ನು ಓದುತ್ತಾಳೆ, ಓದಿದರೆ ಭಾವ ಇನ್ನೊಂದು ಸಲ ಸಾಯುತ್ತಾನೆ, ಈ ಸಲ ಹೆಂಡತಿಯ ಬಾಯಿಂದ, ಅಷ್ಟರೊಳಗೆ ನಾನು ಬಾಯಿ ಬಿಡಬೇಕು, ಬಿಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಮೈಕಿನ ಮುಂದೆ ಕಂಪನಿಯ ನಿರ್ದೇಶಕ, ಲಾಭ ಮಾಡುವುದು ಪಾಪವಲ್ಲ, ಜವಾಬ್ದಾರಿಯಿಂದ ಲಾಭ ಮಾಡುವುದೇ ನಮ್ಮ ಹೆಮ್ಮೆ, ಈ ವರ್ಷ ಎರಡರಲ್ಲೂ ನಾವೇ ಮೊದಲು, ಚಪ್ಪಾಳೆ, ಅವನ ಗಂಟಲ ಮಣಿ ಮೇಲಕ್ಕೂ ಕೆಳಕ್ಕೂ ಆಡುತ್ತಿದೆ, ಗಾಜಿನ ಎಲೆಯ ತುದಿ ಸರಿಯಾಗಿ ಅಲ್ಲಿ ಕೂರುತ್ತದೆ, ಒಂದು ತಳ್ಳು ಸಾಕು — ಥೂ, ಇದೆಂಥ ಯೋಚನೆ, ಇವತ್ತಿನದಲ್ಲ, ನಾಲ್ಕು ತಿಂಗಳಿಂದ ಇದೇ, ಪ್ರಯೋಗಾಲಯದಲ್ಲಿ ಬಾಟಲಿಯ ಕುತ್ತಿಗೆ ಹಿಡಿದರೂ ಯಾರದೋ ಕುತ್ತಿಗೆ ಸಿಕ್ಕಂತೆ ಬೆರಳು ಬಿಗಿಯುತ್ತದೆ, ಎರಡು ಬಾಟಲಿ ಕೈಯಲ್ಲೇ ಒಡೆದವು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಮ್ಮದು, ತೊಳೆದ ನೀರು ಹಿಂಭಾಗದ ಮೂರು ತೊಟ್ಟಿಗಳಲ್ಲಿ ನಿಂತು ತಿಳಿಯಾಗಬೇಕು, ತಳದಲ್ಲಿ ಕೂತ ಕೆಸರು ಎತ್ತುವುದು ಭಾವನ ತಂಡದ ಕೆಲಸ, ಮೂರನೆಯದು ಆಳ, ಅದರ ಕೆಸರಿನಲ್ಲಿ ವಿಷದ ಗಾಳಿ, ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ, ಜಾಸ್ತಿಯಾದರೆ ನಾತವೂ ಇಲ್ಲ, ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಆಳನ್ನು, ಅದಕ್ಕೇ ತೊಟ್ಟಿಯ ಬಾಯಲ್ಲಿ ಅಲಾರಂ ಪೆಟ್ಟಿಗೆ, ಪೆಟ್ಟಿಗೆಯಿಂದ ಕತ್ತಲೊಳಗೆ ಇಳಿಬಿಟ್ಟ ತಂತಿ, ತಂತಿಯ ತುದಿಯಲ್ಲಿ ಲೋಟದಷ್ಟು ದಪ್ಪದ ಒಂದು ಮೂಗು, ಅದು ಗಾಳಿ ಮೂಸಿ ಕೂಗುತ್ತದೆ, ಅದನ್ನು ನೋಡಿಕೊಳ್ಳುವವನು ನಾನು. ಬಂದವರ ಎದುರು ಅದು ಕೂಗಿದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು, ಟೋಪಿ ಹಾಕು, ಎನ್ನುತ್ತಿದ್ದ ಹಸಿರಪ್ಪ ಪ್ರತಿ ಭೇಟಿಗೂ, ಟೋಪಿ ಎಂದರೆ ತಂತಿ ಮೇಲೆಳೆದು ಆ ಮೂಗಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿದು ಮತ್ತೆ ಇಳಿಬಿಡುವುದು, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಬಂದವರು ಹೋದ ಮೇಲೆ ತೆಗೆಯುವುದು, ಐದು ಸಲ ಹಾಕಿದ್ದೆ, ನಾಲ್ಕು ಸಲ ತೆಗೆದಿದ್ದೆ.

ಐದನೆಯದು ಈ ಪ್ರಶಸ್ತಿಯ ತೀರ್ಪುಗಾರರು ಬಂದ ದಿನ, ಪ್ರಯೋಗಾಲಯದ ಚೀಲಗಳು ಮುಗಿದಿದ್ದವು, ಊಟದ ಡಬ್ಬಿಯದ್ದನ್ನೇ ಬಿಚ್ಚಿಕೊಂಡು ಹೋದೆ, ಅಕ್ಕ ನಮ್ಮಿಬ್ಬರಿಗೂ ಡಬ್ಬಿ ಕಟ್ಟುತ್ತಿದ್ದಳು, ಸೋರದಿರಲಿ ಎಂದು ಚೀಲ, ಚೀಲದ ಮೇಲೆ ಬ್ಯಾಂಡ್, ಭಾವನದ್ದಕ್ಕೆ ನೀಲಿ, ನನ್ನದಕ್ಕೆ ಕೆಂಪು, ಎರಡು ಸುತ್ತು, ಸಂಜೆ ವಾಪಸ್ ತರಬೇಕು, ತರದಿದ್ದರೆ ನಿಮ್ಮಪ್ಪ ರಬ್ಬರ್ ಕಾರ್ಖಾನೆ ಇಟ್ಟಿದ್ದಾನಾ, ಎಂದು ಬೈಗುಳ, ನನ್ನ ಅಪ್ಪನೇ ಅವಳ ಅಪ್ಪನೂ ಎಂಬುದು ಬೈಯುವ ಹೊತ್ತಿಗೆ ಮರೆತೇಹೋಗುತ್ತಿತ್ತು ಅವಳಿಗೆ. ಬಂದವರು ತೊಟ್ಟಿ ನೋಡಿ ತಲೆದೂಗಿದರು, ಗಿಡ ನೆಟ್ಟರು, ನನ್ನ ಕೈಯಲ್ಲಿ ನೀರಿನ ಡಬ್ಬ ಕೊಟ್ಟು ಹಸಿರಪ್ಪ ಆರು ಸಲ ಫೋಟೊ ತೆಗೆಸಿದ, ಇನ್ನೊಂದು, ಇನ್ನೊಂದು, ನೀನು ಸ್ವಲ್ಪ ನಗು, ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಭಾವ ಗೇಟಿನಲ್ಲಿ ಕಾಯುತ್ತಿದ್ದ, ಓಡಿದೆ, ಮನೆಯಲ್ಲಿ ಅಕ್ಕ ಡಬ್ಬಿ ತೊಳೆಯುತ್ತ, ನಿನ್ನ ಕೆಂಪು ಎಲ್ಲೋ, ಎಂದಳು, ನಾಳೆ ತರ್ತೀನಿ ಬಿಡು, ಎಂದೆ, ಆಗಲೂ ನನಗೆ ನೆನಪಾಗಲಿಲ್ಲ — ಸುಳ್ಳು, ನಿನಗೆ ನೀನೇ ಯಾಕೆ ಸುಳ್ಳು ಹೇಳುತ್ತೀ, ನೆನಪಾಯಿತು, ಆ ಕ್ಷಣವೇ ನೆನಪಾಯಿತು, ಬೆಳಿಗ್ಗೆ ಹೋದ ಕೂಡಲೇ ತೆಗೆದರಾಯಿತು ಎಂದುಕೊಂಡು ಉಂಡು ಎದ್ದೆ.

ಬೆಳಿಗ್ಗೆ ಹೋದ ಕೂಡಲೇ ಹಸಿರಪ್ಪ ಕರೆದ, ತೀರ್ಪುಗಾರರಿಗೆ ಧನ್ಯವಾದದ ಪತ್ರ ಬರೀಬೇಕು, ನಿನ್ನ ಭಾಷೆ ಚೆನ್ನಾಗಿದೆ, ಕೂತ್ಕೊ, ಕೂತೆ, ಭಾಷೆ ಚೆನ್ನಾಗಿದೆ ಎಂದರೆ ಬೆನ್ನು ತಟ್ಟಿಸಿಕೊಂಡ ನಾಯಿಯಂತೆ ಕೂರುತ್ತೇನೆ ನಾನು, ಕಿಟಕಿಯ ಆಚೆ ಭಾವನ ದನಿ, ತೊಟ್ಟಿಗೆ ಇಳಿಯುವ ಮೊದಲು ಪೆಟ್ಟಿಗೆಯನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿ ಗಟ್ಟಿಯಾಗಿ ನೂರರವರೆಗೆ ಎಣಿಸುವುದು ಅವನ ಪದ್ಧತಿ, ಕೂಗಲಿಲ್ಲ ಎಂದರೆ ಮಾತ್ರ ಇಳಿಯುವುದು, ಮದುವೆಗೂ ಇಷ್ಟು ಯೋಚನೆ ಮಾಡಿರ್ಲಿಕ್ಕಿಲ್ಲ ಇವನು, ಎಂದು ಆಳುಗಳು ರೇಗಿಸುತ್ತಿದ್ದರು, ಮಾಡಿದ್ರೆ ಆಗ್ತಾನೇ ಇರ್ಲಿಲ್ಲ, ಎನ್ನುತ್ತಿದ್ದ. ತೊಂಬತ್ತೇಳು, ತೊಂಬತ್ತೆಂಟು, ನಾನು ಮಾನ್ಯರೇ ಎಂದು ಬರೆಯುತ್ತಿದ್ದೆ, ತೊಂಬತ್ತೊಂಬತ್ತು, ಪೆನ್ನು ನಿಂತಿತು, ಕುರ್ಚಿ ಬಿತ್ತು, ಓಡಿದೆ, ಮೆಟ್ಟಿಲು, ಅಂಗಳ, ಪೈಪುಗಳ ಸಾಲು, ಎಡವಿ ಬಿದ್ದು ಮಂಡಿ ಒಡೆದು ಎದ್ದು ಓಡಿದೆ, ತೊಟ್ಟಿಯ ಬಾಯಲ್ಲಿ ಯಾರೂ ಇಲ್ಲ, ಬಗ್ಗಿದರೆ ಮೂವರು ಒಳಗೆ, ಭಾವನ ಹಿಂದೆ ಅವನನ್ನು ಎತ್ತಲು ಹೋದ ಇಬ್ಬರು, ಅವರಿಬ್ಬರು ಮುಖ ಕೆಳಗಾಗಿ, ಭಾವನ ಕೈ ಮಾತ್ರ ನೀಲಿ ಕೆಸರಿನ ಮೇಲೆ ಹಳದಿ ಕೈಗವಸಿನಲ್ಲಿ ಮುಚ್ಚಿ ಬಿಚ್ಚಿ ಮುಚ್ಚಿ ಬಿಚ್ಚಿ ಮಾಡುತ್ತಿತ್ತು, ಹಗ್ಗ ನನ್ನ ಬಲಗಡೆ ಗೂಟದಲ್ಲೇ ಇತ್ತು, ತಂತಿ ಎಡಗಡೆ, ನನ್ನ ಕೈ ಎಡಕ್ಕೆ ಹೋಯಿತು, ಮೊದಲು ತಂತಿಗೆ ಹೋಯಿತು, ಎಳೆದೆ, ಚೀಲ ಕಿತ್ತು ಜೇಬಿಗೆ ತುರುಕಿದೆ, ಬ್ಯಾಂಡ್ ಮಣಿಕಟ್ಟಿಗೆ ಹಾಕಿಕೊಂಡೆ, ಎರಡು ಸುತ್ತು, ಅಷ್ಟು ಹೊತ್ತು ಇತ್ತು ನನಗೆ, ಆಮೇಲೆ ಅಲಾರಂ ಅರಚತೊಡಗಿತು, ಆಮೇಲೆ ನಾನೂ ಅರಚಿದೆ, ಆಮೇಲೆ ಬಗ್ಗಿ ನೋಡಿದರೆ ಕೈ ಆಡುತ್ತಿರಲಿಲ್ಲ. ಕೊಕ್ಕೆ ಹಾಕಿ ಎಳೆದರು, ಭಾವನ ಕಂಕುಳಿಗೆ ಸಿಕ್ಕಿ ಚರ್ಮ ಹರಿದು ಜಾರಿತು, ಮತ್ತೆ ಹಾಕಿದರು, ಕೊರಳಪಟ್ಟಿ ಹರಿಯಿತು, ಮೂರನೇ ಸಲ ದವಡೆಯ ಕೆಳಗೆ, ತೊಟ್ಟಿಯ ಅಂಚಿಗೆ ಅವನ ಹಲ್ಲು ಬಡಿದ ಸದ್ದು, ಕಲ್ಲು ನೆಲದ ಮೇಲೆ ಮೂರು ನೀಲಿ ಗಂಡಸರು. ಅಕ್ಕ ಆಸ್ಪತ್ರೆಯಲ್ಲಿ ಮೂರು ಸಲ ಸೋಪು ಹಾಕಿ ಉಜ್ಜಿದಳು, ಉಗುರಿನ ಸಂದಿಯ ನೀಲಿ ಹೋಗಲಿಲ್ಲ.

ವಿಚಾರಣೆ ಮೂರೇ ದಿನ, ಅಲಾರಂ ಸರಿ ಇತ್ತು, ಕೂಗಿದ್ದನ್ನು ಇನ್ನೂರು ಜನ ಕೇಳಿದ್ದರು, ಕೂಗಿದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ, ಎಚ್ಚರಿಕೆ ಕಡೆಗಣಿಸಿ ತಂಡದ ಮುಖ್ಯಸ್ಥ ಇಳಿದದ್ದೇ ಕಾರಣ, ಇನ್ನಿಬ್ಬರನ್ನೂ ಬಲಿ ಕೊಟ್ಟ ಎಂದು ವರದಿ, ಆ ವಾಕ್ಯದ ಭಾಷೆ ತಿದ್ದಿದವನೂ ನಾನೇ. ಹಸಿರಪ್ಪನ ಕೋಣೆಗೆ ಹೋಗಿ ಬಾಗಿಲು ಹಾಕಿ, ಟೋಪಿಯ ವಿಷಯ ಹೇಳಿಬಿಡ್ತೀನಿ, ಎಂದೆ, ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ, ಮೆತ್ತಗೇ ಮಾತಾಡಿದ, ಹಾಕು ಅಂತ ನಾನು ಅಂದಿದ್ದಕ್ಕೆ ಸಾಕ್ಷಿ ಇಲ್ಲ, ಹಾಕಿದ್ದಕ್ಕೆ ನಿನ್ನ ಕೈಯೇ ಸಾಕ್ಷಿ, ಹೋಗು, ನಿನ್ನ ಅಕ್ಕನ ಮುಂದೆ ನಿಂತು ಹೇಳು ನೋಡೋಣ, ಎಂದ. ಹೇಳಲಿಲ್ಲ. ಸತ್ತ ಇನ್ನಿಬ್ಬರಲ್ಲಿ ಒಬ್ಬನ ತಾಯಿ ನಮ್ಮ ಬಾಗಿಲಿಗೆ ಬಂದಳು, ನಿನ್ನ ಗಂಡ ನನ್ನ ಮಗನ್ನ ಕೊಂದ, ಎಂದು ಕಲ್ಲು ಬೀಸಿದಳು, ಅಕ್ಕನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು, ಅಕ್ಕ ಬಾಗಿಲು ಹಾಕಲಿಲ್ಲ, ಇನ್ನೊಂದು ಹೊಡಿಯಮ್ಮ, ಎಂದಳು, ನಿಂತೇ ಇದ್ದಳು, ಮಾರನೆಯ ದಿನ ಭಾವನ ಅಂಗಿಯನ್ನು ಒಗೆಯುವ ಕಲ್ಲಿಗೆ ಬಡಿದಳು, ಬಡಿದಳು, ಕಿವಿ ಇರ್ಲಿಲ್ವಾ ನಿಂಗೆ, ಅಷ್ಟು ಕೂಗ್ತಿತ್ತಲ್ಲ, ಕಿವಿ ಇರ್ಲಿಲ್ವಾ, ಅಂಗಿ ಚಿಂದಿಯಾಗುವವರೆಗೆ ಬಡಿದಳು, ನಾನು ಪಕ್ಕದಲ್ಲೇ ನೀರು ಹಾಕುತ್ತ ನಿಂತಿದ್ದೆ, ಮೈಮೇಲೆ ಉದ್ದ ತೋಳಿನ ಅಂಗಿ, ಇವತ್ತಿಗೂ ಅದೇ. ಬ್ಯಾಂಡ್ ಬಿಚ್ಚಲು ಆಗುತ್ತಿಲ್ಲ, ಬಿಚ್ಚಿದರೆ ಎಲ್ಲಿ ಬಿಸಾಡುವುದು, ಚೀಲ ಸುಟ್ಟೆ, ಇದನ್ನು ಸುಡಲು ಕೈ ಬರಲಿಲ್ಲ, ಅದರ ಕೆಳಗಿನ ಚರ್ಮ ಕೆಟ್ಟು ರಸಿ ಕಟ್ಟಿದೆ. ಆಮೇಲೆ ಹಸಿರಪ್ಪನ ತಲೆಗೆ ಹೊಳೆಯಿತು, ಸುರಕ್ಷತಾ ರಾಯಭಾರಿ, ಸತ್ತವನ ಹೆಂಡತಿಯೇ ಊರೂರಿನ ಕಾರ್ಖಾನೆಗೆ ಹೋಗಿ ಅಲಾರಂ ಮಾತು ಕೇಳಿ ಎಂದರೆ ಎಷ್ಟು ಪರಿಣಾಮ ನೋಡು, ಅವಳಿಗೊಂದು ಭಾಷಣ ಬರೆದುಕೊಡು, ನಿನ್ನ ಭಾಷೆ ಚೆನ್ನಾಗಿದೆ, ಬರೆದುಕೊಟ್ಟೆ, ಅಕ್ಕ ಓದಿ ಅತ್ತಳು, ಎಷ್ಟು ಚೆನ್ನಾಗಿ ಬರ್ದಿದ್ದೀಯಪ್ಪ, ಎಂದಳು.

ಬಂದಳು, ಅಕ್ಕ ಬಂದಳು, ಮೆಟ್ಟಿಲಲ್ಲಿ ಕೋಟಿನ ಅಂಚು ತುಳಿದು ತಡವರಿಸಿದಳು, ಮೈಕು ಅವಳ ಎತ್ತರಕ್ಕೆ ಇಳಿಸಿದರು, ಕಾಗದ ಬಿಚ್ಚಿದಳು, ನನ್ನ ಗಂಡ ಒಳ್ಳೆಯವರು, ಆದರೆ ಅಲಾರಂ ಕೂಗಿದರೂ ಕೇಳಲಿಲ್ಲ, ಅವರೊಂದಿಗೆ ಇನ್ನೆರಡು ಮನೆಯ ದೀಪ ಆರಿದವು, ನೀವು ಹಾಗೆ ಮಾಡಬೇಡಿ, ನನ್ನ ವಾಕ್ಯಗಳು, ಒಂದೊಂದೂ ನೆಟ್ಟಗೆ ಹೋಗಿ ಭಾವನಿಗೆ ಕೊಕ್ಕೆ ಹಾಕುತ್ತವೆ, ಜನ ಕಣ್ಣೊರೆಸಿಕೊಳ್ಳುತ್ತಾರೆ, ಹಸಿರಪ್ಪನೂ ಒರೆಸಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಬೇಕಿತ್ತು, ಬರೆದದ್ದು ಅಷ್ಟೇ, ಅಕ್ಕ ಕಾಗದ ಮಡಚಿದಳು, ಹೋಗಲಿಲ್ಲ — ಒಂದು ಮಾತು ಇದ್ರಲ್ಲಿಲ್ಲ, ಎಂದಳು, ಅವರು ದಿನಾ ನೂರು ಎಣಿಸೋರು, ಅವತ್ತೊಂದಿನ ಯಾಕೆ ಎಣಿಸ್ಲಿಲ್ಲ ಅಂತ ರಾತ್ರಿಯೆಲ್ಲ ಕೇಳ್ಕೋತೀನಿ, ನಾನೇನಾದ್ರೂ ಬೆಳಿಗ್ಗೆ ಜಗಳ ಆಡಿದ್ನಾ ಅಂತ. ಎಣಿಸಿದ, ಎಂದಿತು ಯಾರದೋ ಬಾಯಿ, ನನ್ನದೇ, ಎಣಿಸಿದ ಅಕ್ಕ, ನೂರೂ ಎಣಿಸಿದ, ಹಸಿರಪ್ಪನ ಉಗುರು ನನ್ನ ಮೊಣಕೈಗೆ ಇಳಿಯಿತು, ನಗುತ್ತಲೇ, ಬಾಯ್ಮುಚ್ಚು, ಟ್ರೇ ಕೆಳಗೆ ಬಿದ್ದ ಸದ್ದು, ಟ್ರೇ ಮಾತ್ರ, ಎಲೆ ನನ್ನ ಕೈಯಲ್ಲಿತ್ತು, ಇದು ಯೋಚನೆಯಲ್ಲ, ಈ ಸಲ ಯೋಚನೆಯಲ್ಲ, ಅವನ ಕೆನ್ನೆಗೆ ಇಳಿದಾಗ ಹಲ್ಲು ತಗಲಿ ಕೈ ಜುಮ್ಮೆಂದಿತು, ಎಳೆದು ಇನ್ನೊಂದು ಸಲ, ನಗು ಕಿವಿಯವರೆಗೆ ಸೀಳಿತು, ಹಸಿರು ಟೈ ಕಪ್ಪಾಯಿತು, ಎಲೆ ಮುರಿದು ಅರ್ಧ ನನ್ನ ಅಂಗೈಯೊಳಗೇ ಉಳಿಯಿತು, ನಿರೂಪಕಿ ಚೀರುತ್ತಿದ್ದಾಳೆ, ಯಾರದೋ ಬೂಟು ನನ್ನ ಪಕ್ಕೆಗೆ, ಇನ್ನೊಂದು ಬಾಯಿಗೆ, ರಕ್ತ ಉಗಿದು ಹೇಳಿದೆ, ಅಲಾರಂ ಕೂಗ್ಲಿಲ್ಲ ಅಕ್ಕ, ಮೂಗಿಗೆ ಚೀಲ ಕಟ್ಟಿತ್ತು, ಕಟ್ಟು ಅಂದಿದ್ದು ಇವನು, ಇವನೇ ಅಂದಿದ್ದು, ಮೈಕು ನೆಲದಲ್ಲಿ ಬಿದ್ದಿದೆ, ಎಲ್ಲರಿಗೂ ಕೇಳಿಸುತ್ತಿದೆ, ಭಾವ ಕೇಳು, ನಿನ್ನ ಕಿವಿ ಸರಿ ಇತ್ತು ಎಂದು ಎಲ್ಲರಿಗೂ ಕೇಳಿಸುತ್ತಿದೆ.

ಅಕ್ಕ ಬಂದಳು, ಜನರನ್ನು ಸರಿಸಿಕೊಂಡು, ಮುಖದಲ್ಲಿ ಏನೂ ಇಲ್ಲ, ನನ್ನೆದುರು ಕುಕ್ಕರುಗಾಲಲ್ಲಿ ಕೂತಳು, ಅಂದಿದ್ದು ಅವನು, ಎಂದಳು, ಕಟ್ಟಿದ್ದು ಯಾರು. ಕಾವಲಿನವರು ನನ್ನ ಎಡಗೈ ಮೇಲಕ್ಕೆ ತಿರುಚಿ ಹಿಡಿದಿದ್ದರು, ಅಂಗಿಯ ಗುಂಡಿ ಕಿತ್ತು ಹೋಯಿತು, ತೋಳು ಮೊಣಕೈವರೆಗೆ ಜಾರಿತು, ಬಾಯಿ ತೆರೆದೆ, ಇಷ್ಟು ಚೆನ್ನಾದ ಭಾಷೆಯಲ್ಲಿ ಒಂದು ಮಾತಿಲ್ಲ, ಅಕ್ಕ ನೋಡುತ್ತಿದ್ದಾಳೆ, ನೋಡಿದಳು, ಕೀವಿನ ನಡುವೆ ಕೆಂಪು, ಅವಳ ಕೈ ಮುಂದೆ ಬಂತು, ಸಾವಿರ ಸಲ ಅದನ್ನು ಡಬ್ಬಿಗೆ ಹಾಕಿದ ಬೆರಳು, ಅದರಡಿ ತೂರಿತು, ಎಳೆಯಿತು, ನನ್ನ ಚರ್ಮ ಬಿಟ್ಟು ಮೇಲೆದ್ದಿತು ಅದು, ಇನ್ನೂ ಎಳೆದಳು, ಈಗ ಬಿಡುತ್ತಾಳೆ, ಈಗ ಚುರ್ರೆನ್ನುತ್ತದೆ, ಬಿಡು ಅಕ್ಕ, ಬಿಡುತ್ತಿಲ್ಲ, ಎಳೆದು ಹಿಡಿದೇ ಇದ್ದಾಳೆ, ಕೆಂಪು, ಎರಡು ಸುತ್ತು, ಅವಳ ಬೆರಳಿಗೂ ನನ್ನ ಕೈಗೂ ನಡುವೆ, ಕೆಂಪು, ಎರಡು ಸುತ್ತು, ಬಿಡುತ್ತಿಲ್ಲ.