ಕಟ್ಟದೆ ಬಿಟ್ಟ ನಾಯಿ

ಸಾವಿನ ಮೂರನೆಯ ದಿನದ ಕ್ರಮ ಮೊದಲೇ ನಿಗದಿಯಾಗಿತ್ತು: ಬೆಳಗಿನ ಪ್ರಾರ್ಥನೆ, ಸತ್ತವನಿಗೆ ಕೊನೆಯ ಮಾತು, ಶವಪೆಟ್ಟಿಗೆಗೆ ಮುಚ್ಚಳ, ಗುಡ್ಡದ ಮಣ್ಣು, ಆಮೇಲೆ ಊಟ. ಪ್ರಾರ್ಥನೆ ಮುಗಿದು ಮಾತು ಶುರುವಾಗುವ ಮುನ್ನ ಅಡುಗೆಯ ಕಿಂಗಿ ತಾವೆರಾಳನ್ನು ಸಭಾಮನೆಯ ಹಿಂಬದಿಗೆ ಕರೆದು ಗೋಣಿ ಬಿಚ್ಚಿದ. ಒಳಗೆ ಇನ್ನೂ ಪೂರ್ತಿ ಬೆಳೆಯದ ಕೀವಿ ಹಕ್ಕಿಯೊಂದು ಸತ್ತು ಬಿದ್ದಿತ್ತು. ಕೊಲ್ಲಿಯ ಕೀವಿಗಳನ್ನು ಕಾಯುವ ಕೆಲಸವನ್ನು ತಾವೆರಾ ಕಲಿತದ್ದು ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ದೊಡ್ಡಪ್ಪ ತಮಿಹಾನನಿಂದ.

"ಊಟ ಬೇಯಿಸೋ ಹಾಂಗಿ ಗುಂಡಿಗೆ ಸೌದೆ ತರಕ್ಕೆ ಹೋದೆ. ಜರೀಗಿಡದ ಕೆಳಗಿತ್ತು," ಎಂದ ಕಿಂಗಿ. "ನಿಮ್ಮ ನಾಯಿ ಜಿಪ್ ಪಕ್ಕದಲ್ಲೇ ಮಲಗಿತ್ತು ಕಣೆ."

"ಜಿಪ್‌ನ ಕಟ್ಟಿರಲಿಲ್ವಾ?"

"ನಾನ್ಯಾಕೆ ಕಟ್ಲಿ? ಮನೆಯೋರು ಕಟ್ಟಿರ್ತೀರ ಅಂದ್ಕೊಂಡೆ."

ಮನೆಯವರೋ, ಅಡುಗೆಯವರು ಕಟ್ಟಿರುತ್ತಾರೆಂದುಕೊಂಡಿದ್ದರು. ಮಣ್ಣಾಗುವವರೆಗೆ ಹೆಣವನ್ನು ಒಂಟಿಯಾಗಿ ಬಿಡುವಂತಿಲ್ಲ. ಅದರ ಬಳಿ ಕೂತವರು ಮನೆಗೆಲಸಕ್ಕೆ ಕೈ ಹಾಕುವಂತಿಲ್ಲ. ಪ್ರತಿ ಸಂಜೆ ನಾಯಿಯನ್ನು ಕಟ್ಟುತ್ತಿದ್ದವನು ತಮಿಹಾನನೇ. ಆ ಸರಪಳಿಯನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ.

*

ನಾಯಿಗಳ ಬಾಯಿಗೆ ಸಿಕ್ಕಿ ಕೀವಿ ಸಂತತಿ ಅಳಿಯುತ್ತಿದ್ದ ಕಾಲದಲ್ಲಿ ಊರು ಒಂದು ಕಟ್ಟಳೆ ಮಾಡಿತ್ತು: ಕೀವಿಯನ್ನು ಕೊಂದ ನಾಯಿ ಬದುಕಬಾರದು. ಹಠ ಹಿಡಿದು ಮಾಡಿಸಿದವನು ತಮಿಹಾನ. ಮೊದಲು ಸಿಕ್ಕಿಬಿದ್ದದ್ದು ಅವನ ಹೆಂಡತಿಯ ತಮ್ಮ ಪೇತೆರಾ ಸಾಕಿದ್ದ ಹಂದಿಬೇಟೆಯ ನಾಯಿ.

"ಒಂದ್ಸಲ ಬಿಟ್ಬಿಡು ಭಾವ. ಬೇಲಿ ಹಾಕ್ತೀನಿ," ಎಂದಿದ್ದ ಪೇತೆರಾ.

"ಹಕ್ಕಿಗೆ ಇನ್ನೊಂದ್ಸಲ ಇದೆಯೇನೋ?" ಎಂದು ತಮಿಹಾನ ಕೋವಿ ಎತ್ತಿಕೊಂಡಿದ್ದ. ಗುಂಡು ಹಾರಿಸಿದ ಮೇಲೆ ಅವನು ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡದ್ದನ್ನು ಆಗಿನ್ನೂ ಚಿಕ್ಕವಳಾಗಿದ್ದ ತಾವೆರಾ ಒಬ್ಬಳೇ ಕಂಡಿದ್ದಳು. ಪೇತೆರಾ ಅಂದಿನಿಂದ ಭಾವನೊಡನೆ ಮಾತು ಬಿಟ್ಟ.

*

ಅವಳು ಗೋಣಿ ಹಿಡಿದು ಒಳಗೆ ಬರುವಷ್ಟರಲ್ಲಿ ಸುದ್ದಿ ಬಂದಾಗಿತ್ತು. ಪೇತೆರಾ ಊರುಗೋಲು ಹಿಡಿದು ಪೆಟ್ಟಿಗೆಯೆದುರು ನಿಂತಿದ್ದ. ಸತ್ತವನ ತಪ್ಪನ್ನು ಅವನ ಮುಖಕ್ಕೇ ಹೇಳಿ ಕಳಿಸುವ ಹೊತ್ತು ಅದು.

"ಏನ್ ಭಾವ," ಎಂದ. "ಮುದಿ ಮೊಂಡ. ನೀನು ಹಾಯಾಗಿ ಕಾಲು ಚಾಚಿ ಮಲ್ಕೊಂಡೆ, ಕೋವಿ ಯಾರಿಗೆ ಕೊಟ್ಟೆ? ನನಗಾ? ನಾನು ಮುಟ್ಟಲ್ಲ." ಆಮೇಲೆ ತಾವೆರಾಳತ್ತ ತಿರುಗಿದ. "ಏ ಹುಡುಗಿ, ಆ ಮುಂಗುಸಿಯಂಥ ಸ್ಟೋಟ್ ಹಿಡ್ದಿರಬೇಕು. ಹಾಗಂತ ಹೇಳ್ಬಿಡು. ಯಾರೂ ಕೇಳಲ್ಲ."

ಪೇತೆರಾನ ಸೇಡಿಗೆ ಅವಳು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಅವನು ತೋರಿದ್ದು ಕರುಣೆ. ಸ್ಟೋಟ್ ಎಂದರೆ ಜಿಪ್ ಉಳಿಯುತ್ತದೆ, ಕಟ್ಟಳೆ ಉಳಿಯುವುದಿಲ್ಲ. ನಾಯಿ ಎಂದರೆ ಈ ದಿನವೇ ಕೋವಿ ಹಕ್ಕಿ ಕಾಯುವ ತನ್ನ ಕೈಗೆ ಬರುತ್ತದೆ. ಅವಳು ಪೆಟ್ಟಿಗೆಯ ಬಳಿ ಕೂತಿದ್ದ ವಿಧವೆ ರೀಪೆಕಳ ಮುಖ ನೋಡಿದಳು.

"ರಾತ್ರಿಯೆಲ್ಲಾ ಜಿಪ್ ಬಾಗಿಲ ಹತ್ರ ಬಂದು ಅವರನ್ನ ಹುಡುಕ್ತಿತ್ತು," ಎಂದಳು ರೀಪೆಕ, ಪೆಟ್ಟಿಗೆಯ ಅಂಚಿನಿಂದ ಕೈ ತೆಗೆಯದೆ. "ಒಳಗೆ ಬಿಡಲಿಲ್ಲ ಅಂತ ಕಾಡಿನ ಕಡೆ ಹೋಯ್ತು; ಅಡುಗೆಯೋರು ಹಿಡಿದು ಕಟ್ತಾರೆ ಅಂದ್ಕೊಂಡೆ. ನನಗೆ ಅದು ಬೇಕು ತಾವೆರಾ. ಆದ್ರೆ ನನ್ನ ಕೇಳ್ಬೇಡ. ಹಕ್ಕೀನ ನೋಡಿ, ಏನಾಗಿದೆ ಅಂತ ಅವರಿಗೇ ಹೇಳು."

"ಅಕ್ಕ, ಸುಮ್ನಿರು ನೀನು," ಎಂದ ಪೇತೆರಾ.

ತಾವೆರಾ ಪೆಟ್ಟಿಗೆಯ ಪಕ್ಕ ಮಂಡಿಯೂರಿ ಹಕ್ಕಿಯ ಕುತ್ತಿಗೆಯ ಗರಿಗಳನ್ನು ಒಂದೊಂದಾಗಿ ಸರಿಸಿದಳು. ಅಲ್ಲಿ ರಕ್ತ ಕಾಣಲಿ ಎಂದು ತಾನು ಬಯಸುತ್ತಿದ್ದುದು ಯಾರಿಗಾಗಿ ಎಂಬುದು ಅವಳಿಗೇ ತಿಳಿಯಲಿಲ್ಲ. ಎದೆಯನ್ನು ಬೆರಳಿನಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮುಚ್ಚಳ ಹಿಡಿದು ನಿಂತಿದ್ದವರು ಕಾದರು.

"ದೊಡ್ಡಪ್ಪ," ಎಂದಳು, "ಸ್ಟೋಟ್ ಆದ್ರೆ ಕುತ್ತಿಗೆ ಕಚ್ಚುತ್ತೆ. ಕುತ್ತಿಗೆಯಲ್ಲಿ ಗಾಯ ಇಲ್ಲ. ಎರಡೂ ಕಡೆ ಪಕ್ಕೆಲುಬು ಮುರಿದಿದೆ. ನಾಯಿ."